ಹಳೆಯ ಬೇಲಿ ಕಂಬಗಳನ್ನು ಟ್ರ್ಯಾಕ್ಟರ್‌ನಿಂದ ಕೀಳುವುದು ಹೇಗೆ

ಹಳೆಯ ಬೇಲಿ ಕಂಬ ಕೀಳಬೇಕು ಅಂದಾಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಕಂಬಕ್ಕೆ ಸರಪಳಿ ಸುತ್ತುತ್ತಾರೆ, ಇನ್ನೊಂದು ತುದಿಯನ್ನು ಟ್ರ್ಯಾಕ್ಟರ್ ಹಿಂದಕ್ಕೆ ಕಟ್ಟುತ್ತಾರೆ, ಗೇರ್ ಹಾಕಿ ಎಳೆಯುತ್ತಾರೆ. ಒಮ್ಮೊಮ್ಮೆ ಕಂಬ ಬಂದೂ ಬಿಡುತ್ತದೆ. ಆದರೆ ಬಹಳ ಸಲ ಮರದ ಕಂಬ ನೆಲದ ಮಟ್ಟಕ್ಕೆ ಮುರಿಯುತ್ತದೆ, ಕಲ್ಲಿನದು ಎರಡು ತುಂಡಾಗುತ್ತದೆ, ಕಬ್ಬಿಣದ್ದು ಬಾಗಿ ಕೂರುತ್ತದೆ. ಬುಡ ಮಾತ್ರ ಮಣ್ಣೊಳಗೇ ಉಳಿಯುತ್ತದೆ. ಇದಕ್ಕಿಂತ ಕೆಟ್ಟದ್ದೂ ಇದೆ. ಕಂಬ ಅಲುಗದೆ ನಿಂತರೆ ಟ್ರ್ಯಾಕ್ಟರ್‌ನ ಮೂತಿ ಮೇಲೆದ್ದು, ಗಾಡಿ ಹಿಂದಕ್ಕೆ ಚಾಲಕನ ಮೇಲೇ ಮಗುಚಬಹುದು.

ಕಂಬವನ್ನು ಪಕ್ಕಕ್ಕೆ ಎಳೆಯಬೇಡಿ, ನೇರವಾಗಿ ಮೇಲಕ್ಕೆ ಎತ್ತಿ. ಈ ಬರಹದಲ್ಲಿ ನಾನು ಹೇಳುವುದೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ. ಇದನ್ನು ಪಾಲಿಸಿದರೆ ಚಿಕ್ಕ ಟ್ರ್ಯಾಕ್ಟರ್ ಕೂಡ ಸಾಕು. ಪಾಲಿಸದಿದ್ದರೆ ದೊಡ್ಡ ಟ್ರ್ಯಾಕ್ಟರ್ ಇದ್ದಷ್ಟೂ ಅಪಾಯ ಜಾಸ್ತಿ.

ಕಂಬವನ್ನು ಹಿಡಿದಿಟ್ಟಿರುವುದು ಏನು?

15 ಸೆಂಟಿಮೀಟರ್ ದಪ್ಪದ ಒಂದು ದುಂಡು ಕಂಬ 75 ಸೆಂಟಿಮೀಟರ್ ಆಳಕ್ಕೆ ಹೂತಿದೆ ಅಂದುಕೊಳ್ಳಿ. ಅದರ ಸುಮಾರು 3500 ಚದರ ಸೆಂಟಿಮೀಟರ್ ಮೈ ಮಣ್ಣಿಗೆ ಒತ್ತಿಕೊಂಡಿರುತ್ತದೆ. ವರ್ಷಗಟ್ಟಲೆ ಮಳೆ ಬಿದ್ದು, ಬಿಸಿಲು ಬಡಿದು, ದನಕರು ಓಡಾಡಿ ಆ ಮಣ್ಣು ಗಟ್ಟಿಯಾಗಿರುತ್ತದೆ. ಎತ್ತುವಾಗ ನೀವು ಹೋರಾಡಬೇಕಾದದ್ದು ಕಂಬದ ತೂಕದ ಜೊತೆಗಲ್ಲ, ಈ ಹಿಡಿತದ ಜೊತೆಗೆ. ಮೊದಲ ಒಂದೆರಡು ಸೆಂಟಿಮೀಟರ್ ಅಲುಗಿಸುವುದೇ ಕಷ್ಟ. ಒಮ್ಮೆ ಅಂಟು ಬಿಟ್ಟರೆ ಆಮೇಲೆ ಪ್ರತಿ ಇಂಚಿಗೂ ಹಿಡಿತ ಕಡಿಮೆಯಾಗುತ್ತಾ ಹೋಗುತ್ತದೆ.

ಇದರಲ್ಲೇ ಒಂದು ಸುಲಭ ಉಪಾಯವೂ ಇದೆ. ಕಂಬದ ಸುತ್ತ 30 ಸೆಂಟಿಮೀಟರ್ ಆಳ ಮಣ್ಣು ತೆಗೆದರೆ 75ರಲ್ಲಿ 30 ಹೋಯಿತು. ಹಿಡಿತದ ಶೇಕಡಾ 40 ಭಾಗ ಸಲಿಕೆಯಿಂದಲೇ ಮುಗಿಯಿತು, ಅಲ್ವಾ? ಹಾರೆ, ಸಲಿಕೆ ಹಿಡಿದು ಹತ್ತು ನಿಮಿಷ ಮಾಡುವ ಕೆಲಸವನ್ನು ಟ್ರ್ಯಾಕ್ಟರ್ ಇದೆ ಅಂತ ಬಿಟ್ಟುಬಿಡಬೇಡಿ.

ಜೇಡಿಮಣ್ಣಿನಲ್ಲಿ ಇನ್ನೊಂದು ತೊಂದರೆ ಇದೆ. ತೀರಾ ಒದ್ದೆಯಾದಾಗ ಕಂಬದ ಬುಡದಡಿ ಗಾಳಿ ನುಗ್ಗಲು ಜಾಗ ಇರುವುದಿಲ್ಲ. ಎತ್ತಿದರೆ ಕೆಳಗಿನಿಂದ ಹೀರಿ ಹಿಡಿದ ಹಾಗಾಗುತ್ತದೆ. ಪೂರ್ತಿ ಒಣಗಿದಾಗ ಅದೇ ಮಣ್ಣು ಇಟ್ಟಿಗೆಯಷ್ಟು ಗಟ್ಟಿ. ಒಳ್ಳೆಯ ಮಳೆ ಬಂದು ಒಂದೆರಡು ದಿನ ಕಳೆದ ಮೇಲೆ, ಮಣ್ಣು ಮೆತ್ತಗಿದ್ದು ಟೈರ್ ಜಾರದಷ್ಟು ಆರಿದಾಗ ಈ ಕೆಲಸ ಇಟ್ಟುಕೊಂಡರೆ ಅರ್ಧ ಶ್ರಮ ಉಳಿಯುತ್ತದೆ. ಮಳೆ ಇಲ್ಲದ ದಿನಗಳಲ್ಲಿ ಕಂಬದ ಸುತ್ತ ಹಾರೆಯಿಂದ ನಾಲ್ಕೈದು ಕಡೆ ಆಳವಾಗಿ ಚುಚ್ಚಿ, ಆ ತೂತುಗಳಿಗೆ ಹಿಂದಿನ ಸಂಜೆ ನೀರು ತುಂಬಿಸಿ. ಸುಮ್ನೆ ಮೇಲೆ ಸುರಿದ ನೀರು ಪಕ್ಕಕ್ಕೆ ಹರಿದು ಹೋಗುತ್ತದೆ, ಬುಡ ಮುಟ್ಟುವುದಿಲ್ಲ. ಮರಳು ಮಣ್ಣಾದರೆ ನೀರು ಬೇಗ ಇಳಿದುಹೋಗುವುದರಿಂದ ಎತ್ತುವ ಸ್ವಲ್ಪ ಮುಂಚೆ ಹಾಕಿದರೆ ಸಾಕು.

ಮೊದಲು ನೆಲದ ಕೆಳಗೆ, ತಲೆಯ ಮೇಲೆ ನೋಡಿ

ಬೇಲಿಯ ಸಾಲಿನಲ್ಲೇ ನೀರಿನ ಪೈಪು, ಪಂಪಿನ ಕೇಬಲ್ಲು, ಫೋನ್ ತಂತಿ ಹೂತಿರುವುದು ತುಂಬಾ ಸಾಮಾನ್ಯ. ಗಡಿ ಗುರುತು ಸುಲಭ ಅಂತ ಅಲ್ಲೇ ತೋಡಿರುತ್ತಾರೆ. ಕಂಬ ನೆಟ್ಟ ಮೇಲೆ ಹಾಕಿದ ಕೇಬಲ್ ಕಾಂಕ್ರೀಟಿನ ಬುಡಕ್ಕೆ ತಾಗಿಕೊಂಡೇ ಹೋಗಿರಬಹುದು. ಅಂಥ ಕಂಬ ಎತ್ತಿದರೆ ಕೇಬಲ್ ಕೂಡ ಜೊತೆಗೇ ಬರುತ್ತದೆ. ಅನುಮಾನ ಇದ್ದಲ್ಲಿ ವಿದ್ಯುತ್, ನೀರು, ಗ್ಯಾಸ್ ಒದಗಿಸುವವರನ್ನು ಕೇಳಿ, ಗುರುತು ಹಾಕಿಸಿಕೊಂಡ ಮೇಲೆ ಕೈ ಹಚ್ಚಿ.

ಮೇಲೆಯೂ ಕಣ್ಣು ಹಾಯಿಸಿ. ಲೋಡರ್ (ಟ್ರ್ಯಾಕ್ಟರ್ ಮುಂದಿನ, ಬಕೆಟ್ ಇರುವ ಎತ್ತುವ ತೋಳು) ಎತ್ತಿ, ಅದರ ಕೆಳಗೆ ಎರಡು ಮೀಟರ್ ಕಂಬ ತೂಗಾಡುವಾಗ ವಿದ್ಯುತ್ ತಂತಿ ನೀವು ಅಂದುಕೊಂಡದ್ದಕ್ಕಿಂತ ಹತ್ತಿರ ಇರುತ್ತದೆ. ತಂತಿಯ ಕೆಳಗಿನ ಕಂಬಗಳನ್ನು ಲೋಡರ್ ಬಿಟ್ಟು ಬೇರೆ ವಿಧಾನದಿಂದ ತೆಗೆಯಿರಿ.

ಗಡಿ ಬೇಲಿಯಾದರೆ ಪಕ್ಕದ ಜಮೀನಿನವರಿಗೆ ಮುಂಚೆಯೇ ಒಂದು ಮಾತು ಹೇಳಿ. ಕಂಬ ಹೋದ ಮೇಲೆ ಗಡಿ ಎಲ್ಲಿತ್ತು ಅನ್ನುವುದಕ್ಕೆ ಗುರುತೂ ಹೋಗುತ್ತದೆ. ಸಾಲಿನ ಎರಡೂ ಕೊನೆಗಳಲ್ಲಿ ಗೂಟ ಹೊಡೆದು, ಫೋಟೊ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

ತಂತಿ ಬಿಚ್ಚುವಾಗ ಅವಸರ ಬೇಡ

ಕಂಬಕ್ಕೆ ಒಂದು ಎಳೆ ತಂತಿಯೂ ಅಂಟಿರಬಾರದು. ವಿದ್ಯುತ್ ಬೇಲಿಯಾದರೆ ಮೊದಲು ಅದರ ಪೆಟ್ಟಿಗೆಯನ್ನೇ ಆಫ್ ಮಾಡಿ, ಸಂಪರ್ಕ ಕಿತ್ತಿಡಿ.

ಬಿಗಿಯಾಗಿರುವ ಮುಳ್ಳುತಂತಿಯನ್ನು ಮಧ್ಯದಲ್ಲಿ ಕತ್ತರಿಸಿದರೆ ಅದು ಸುರುಳಿ ಸುತ್ತಿಕೊಂಡು ಹಿಂದಕ್ಕೆ ಚಿಮ್ಮುತ್ತದೆ. ಮುಖ, ಕಣ್ಣು, ಕೈ ಯಾವುದಕ್ಕೂ ಹೊಡೆಯಬಹುದು. ಆದ್ದರಿಂದ ಕೊನೆಯ ಕಂಬದ ಹತ್ತಿರ ಬಿಗಿ ಸಡಿಲಿಸಿ, ಆಮೇಲೆ ಅಲ್ಲೇ, ಕಂಬಕ್ಕೆ ಹತ್ತಿರದಲ್ಲೇ ಕತ್ತರಿಸಿ. ತಂತಿ ಚಿಮ್ಮುವ ದಾರಿಯಲ್ಲಿ ನೀವು ನಿಲ್ಲಬೇಡಿ, ಕಂಬದ ಇನ್ನೊಂದು ಬದಿಗಿರಿ. ದಪ್ಪ ಚರ್ಮದ ಕೈಗವಸು, ಕಣ್ಣಿಗೆ ಕನ್ನಡಕ, ಉದ್ದ ತೋಳಿನ ಅಂಗಿ ಹಾಕಿಕೊಳ್ಳಿ. ತಂತಿಯನ್ನು ಆಗಿಂದಾಗಲೇ ಸುರುಳಿ ಸುತ್ತಿ ದೂರ ಇಡಿ. ಹುಲ್ಲಿನಲ್ಲಿ ಬಿದ್ದ ತಂತಿ ಟ್ರ್ಯಾಕ್ಟರ್‌ನ ಅಚ್ಚಿಗೆ ಸುತ್ತಿಕೊಂಡರೆ ಬಿಡಿಸಲು ಅರ್ಧ ದಿನ ಬೇಕು.

ಮರದ ಕಂಬದಿಂದ ಕಿತ್ತ ಯು ಆಕಾರದ ಮೊಳೆಗಳನ್ನು ಒಂದು ಡಬ್ಬಿಗೆ ಹಾಕುತ್ತಾ ಹೋಗಿ. ಕೆಳಗೆ ಬಿದ್ದದ್ದು ಇವತ್ತಲ್ಲ ನಾಳೆ ಟೈರಿಗೋ ದನದ ಹೊಟ್ಟೆಗೋ ಹೋಗುತ್ತದೆ.

ಸರಪಳಿಯ ವಿಷಯದಲ್ಲಿ ಉಳಿತಾಯ ಬೇಡ

ಕೊಟ್ಟಿಗೆಯಲ್ಲಿ ಬಿದ್ದಿರುವ ಯಾವುದೋ ಸರಪಳಿ ಸಾಲದು. ಭಾರ ಎತ್ತಲು ಅಂತಲೇ ಮಾಡಿದ ಗ್ರೇಡ್ 80 ಮಿಶ್ರಲೋಹದ ಸರಪಳಿ ಬೇಕು. ಇದರಲ್ಲಿ 8 ಮಿಲಿಮೀಟರ್ ದಪ್ಪದ್ದು 2 ಟನ್, 10 ಮಿಲಿಮೀಟರಿನದು ಸುಮಾರು 3.15 ಟನ್ ಭಾರಕ್ಕೆ ಆಗುತ್ತದೆ. ಕಂಬದ ಸುತ್ತ ಜೀರುಗುಣಿಕೆ ಹಾಕಿ ಬಿಗಿದಾಗ ಅದರ ಸಾಮರ್ಥ್ಯದಲ್ಲಿ ಐದನೇ ಒಂದು ಭಾಗ ಕಳೆದು ಲೆಕ್ಕ ಹಾಕಿ. ಕೊಕ್ಕೆ, ಶ್ಯಾಕಲ್ (ಪಿನ್ ಹಾಕಿ ಮುಚ್ಚುವ ಯು ಆಕಾರದ ಕೊಂಡಿ), ಪಿನ್ ಎಲ್ಲವೂ ಅದೇ ಭಾರ ತಡೆಯುವಂಥವಾಗಿರಬೇಕು. ಸರಪಳಿ ಎಷ್ಟೇ ಗಟ್ಟಿಯಿದ್ದರೂ ಅದಕ್ಕೆ ಸಾದಾ ಬೋಲ್ಟ್ ಹಾಕಿ ಜೋಡಿಸಿದರೆ ಮೊದಲು ಹಾರುವುದು ಆ ಬೋಲ್ಟ್.

ಬಳಸುವ ಮುಂಚೆ ಒಂದೊಂದೇ ಕೊಂಡಿ ಕೈಯಲ್ಲಿ ಹಿಡಿದು ನೋಡಿ. ಹಿಗ್ಗಿ ಉದ್ದವಾದ ಕೊಂಡಿ, ಕೊಂಡಿಗೆ ಕೊಂಡಿ ಉಜ್ಜಿ ಸವೆದ ಒಳಮೈ, ವೆಲ್ಡಿಂಗ್ ಮಾಡಿ ರಿಪೇರಿ ಮಾಡಿದ ಜಾಗ, ಬಾಯಿ ತೆರೆದುಕೊಂಡ ಕೊಕ್ಕೆ, ಇವುಗಳಲ್ಲಿ ಒಂದು ಕಂಡರೂ ಆ ಸರಪಳಿ ಈ ಕೆಲಸಕ್ಕೆ ಬೇಡ.

ನೈಲಾನ್ ಹಗ್ಗ ಬಳಸಲೇಬೇಡಿ. ಅದು ಹಿಗ್ಗಿ ಬಲವನ್ನು ಒಳಗೇ ತುಂಬಿಕೊಳ್ಳುತ್ತದೆ. ಹರಿದಾಗ ಅಷ್ಟನ್ನೂ ಒಂದೇ ಏಟಿಗೆ ಬಿಡುತ್ತದೆ, ತುದಿಯಲ್ಲಿ ಕಬ್ಬಿಣದ ಕೊಕ್ಕೆ ಇದ್ದರೆ ಅದು ಗುಂಡಿನ ಹಾಗೆ ಹಾರುತ್ತದೆ. ಉಕ್ಕಿನ ಹಗ್ಗವೂ ತುಂಡಾದಾಗ ಚಾಟಿಯೇಟು ಬೀಸುತ್ತದೆ. ಸರಪಳಿ ಅಷ್ಟು ಹಿಗ್ಗುವುದಿಲ್ಲ, ಆದರೂ ಬಿಗಿಯಾದ ಸರಪಳಿಯ ಮೇಲೆ ಒದ್ದೆ ಗೋಣಿಚೀಲ ಹೊದಿಸಿಡುವುದು ಒಳ್ಳೆಯ ಅಭ್ಯಾಸ. ತುಂಡಾದರೂ ಹಾರಾಟ ಕಡಿಮೆಯಾಗುತ್ತದೆ.

ಜಗ್ಗಿ ಕೀಳುವ ಚಾಳಿಯ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಸರಪಳಿ ಸಡಿಲ ಬಿಟ್ಟು, ಟ್ರ್ಯಾಕ್ಟರ್ ಓಡಿಸಿ, ಒಮ್ಮೆಲೇ ಎಳೆಯುವುದು ಕೆಲವರ ಪದ್ಧತಿ. 2 ಟನ್ ತೂಕದ ಟ್ರ್ಯಾಕ್ಟರ್ ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ, ಅಂದರೆ ನಾವು ನಡೆಯುವ ವೇಗದಲ್ಲಿ ಹೋಗುತ್ತಾ 5 ಸೆಂಟಿಮೀಟರ್ ಅಂತರದಲ್ಲಿ ನಿಂತುಬಿಟ್ಟರೆ ಸರಪಳಿಯ ಮೇಲೆ ಬೀಳುವ ಸರಾಸರಿ ಬಲವೇ ಸುಮಾರು 4 ಟನ್. ಹತ್ತು ಮಿಲಿಮೀಟರಿನ ಒಳ್ಳೆಯ ಸರಪಳಿಯ ಮಿತಿಯೂ ಅಲ್ಲಿಗೆ ದಾಟಿತು. ಜಗ್ಗಬೇಡಿ, ಯಾವ ಕಾರಣಕ್ಕೂ.

ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುವುದು ಹೇಗೆ

ಈ ಭಾಗವನ್ನು ದಯವಿಟ್ಟು ಓದದೆ ಮುಂದೆ ಹೋಗಬೇಡಿ.

ಎಂಜಿನ್ ಹಿಂದಿನ ಅಚ್ಚನ್ನು ತಿರುಗಿಸುತ್ತದೆ, ಅಚ್ಚು ಚಕ್ರವನ್ನು ತಿರುಗಿಸುತ್ತದೆ. ಚಕ್ರ ತಿರುಗಲು ಆಗದ ಹಾಗೆ ಕಂಬ ಹಿಡಿದುಕೊಂಡಿದ್ದರೆ, ಅದೇ ಬಲ ಟ್ರ್ಯಾಕ್ಟರ್‌ನ ದೇಹವನ್ನೇ ಅಚ್ಚಿನ ಸುತ್ತ ತಿರುಗಿಸಲು ನೋಡುತ್ತದೆ. ಆಗ ಮೂತಿ ಏಳುತ್ತದೆ. ಮುಂಚಕ್ರ ನೆಲ ಬಿಟ್ಟ ಮೇಲೆ ಮುಕ್ಕಾಲು ಸೆಕೆಂಡಿನಲ್ಲೇ ಗಾಡಿ ಮತ್ತೆ ಇಳಿಯಲಾರದ ಹಂತ ತಲುಪಬಹುದು. ಒಂದೂವರೆ ಸೆಕೆಂಡಿನಲ್ಲಿ ಪೂರ್ತಿ ಮಗುಚಿರುತ್ತದೆ. ಏನಾಯಿತು ಅಂತ ತಿಳಿದು ಕ್ಲಚ್ ತುಳಿಯುವಷ್ಟರಲ್ಲಿ ಸಮಯ ಮೀರಿರುತ್ತದೆ. ನಾನು ಹುಷಾರಾಗಿರುತ್ತೇನೆ ಅನ್ನುವ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಇದನ್ನು ತಡೆಯುವುದು ಸರಪಳಿ ಕಟ್ಟುವ ಜಾಗ. ಎಳೆಯುವ ಕೆಲಸ ಏನೇ ಇದ್ದರೂ ಡ್ರಾಬಾರಿಗೆ, ಅಂದರೆ ಟ್ರ್ಯಾಕ್ಟರ್ ಹಿಂದೆ ಎಳೆಯಲು ಅಂತಲೇ ಇರುವ ಗಟ್ಟಿ ಪಟ್ಟಿಗೆ ಮಾತ್ರ ಕಟ್ಟಬೇಕು. ಅದು ಅಚ್ಚಿಗಿಂತ ಕೆಳಗಿರುತ್ತದೆ. ಮೂತಿ ಸ್ವಲ್ಪ ಎದ್ದರೂ ಡ್ರಾಬಾರ್ ಇನ್ನೂ ಕೆಳಗೆ ಇಳಿಯುತ್ತದೆ, ಎಳೆತದ ಮೇಲೆತ್ತುವ ಪರಿಣಾಮ ಅಷ್ಟಕ್ಕೆ ಕಡಿಮೆಯಾಗುತ್ತದೆ. ಅದರ ಬದಲು ಟಾಪ್ ಲಿಂಕಿನ (ಹಿಂದಿನ ಉಪಕರಣದ ಮೇಲ್ಭಾಗ ಹಿಡಿಯುವ ಕಂಬಿ) ಜಾಗಕ್ಕೋ, ಅಚ್ಚಿನ ಮೇಲಿನಿಂದಲೋ, ಸೀಟಿನ ಹಿಂದಿನ ಯಾವುದೋ ಕಂಬಿಗೋ ಕಟ್ಟಿದರೆ ಎಳೆತವೇ ಟ್ರ್ಯಾಕ್ಟರನ್ನು ಹಿಂದಕ್ಕೆ ಕೆಡವುತ್ತದೆ.

ರೋಲ್ ಬಾರ್ (ಗಾಡಿ ಮಗುಚಿದರೂ ಚಾಲಕನನ್ನು ಕಾಯುವ ಕಬ್ಬಿಣದ ಚೌಕಟ್ಟು) ಇರುವ ಟ್ರ್ಯಾಕ್ಟರ್ ಬಳಸಿ, ಅದನ್ನು ಎತ್ತಿ ನಿಲ್ಲಿಸಿ, ಸೀಟ್ ಬೆಲ್ಟ್ ಹಾಕಿಕೊಳ್ಳಿ. ರೋಲ್ ಬಾರ್ ಇಲ್ಲದ ಹಳೆಯ ಗಾಡಿಯಲ್ಲಿ ಬೆಲ್ಟ್ ಹಾಕಬಾರದು, ಮತ್ತು ನನ್ನ ಮಾತು ಕೇಳುವುದಾದರೆ ಅಂಥ ಗಾಡಿಯಲ್ಲಿ ಕಂಬ ಎಳೆಯುವ ಕೆಲಸವನ್ನೇ ಮಾಡಬಾರದು.

ಕೆಲಸದ ಜಾಗದಲ್ಲಿ ಇಬ್ಬರೇ ಇರಲಿ. ಒಬ್ಬರು ಸೀಟಿನಲ್ಲಿ, ಇನ್ನೊಬ್ಬರು ಸರಪಳಿ ಕಟ್ಟಲು. ಕಟ್ಟಿದವರು ಸರಪಳಿಯ ಉದ್ದದ ಒಂದೂವರೆ ಪಟ್ಟು ದೂರ ಹೋಗಿ ನಿಂತು ಕೈ ಎತ್ತಿದ ಮೇಲೆ ಸೀಟಿನಲ್ಲಿರುವವರು ಲಿವರ್ ಮುಟ್ಟಬೇಕು. ಕೈ ಸನ್ನೆಗಳನ್ನು ಮುಂಚೆಯೇ ಮಾತಾಡಿಕೊಳ್ಳಿ, ಎಂಜಿನ್ ಸದ್ದಿನಲ್ಲಿ ಕೂಗಿದ್ದು ಕೇಳುವುದಿಲ್ಲ. ಬಿಗಿಯಾದ ಸರಪಳಿಯನ್ನು ದಾಟಬೇಡಿ. ಮಕ್ಕಳು, ನಾಯಿ ಹತ್ತಿರ ಸುಳಿಯದಂತೆ ನೋಡಿಕೊಳ್ಳಿ.

ಹಿಂದಿನ ಹೈಡ್ರಾಲಿಕ್ ಲಿಫ್ಟ್‌ನಿಂದ ಎತ್ತುವುದು

ಲೋಡರ್ ಇಲ್ಲದವರಿಗೆ ಇದೇ ದಾರಿ, ಹೆಚ್ಚಿನವರ ಹತ್ತಿರ ಇರುವುದೂ ಇದೇ. 40-50 ಎಚ್‌ಪಿ ಟ್ರ್ಯಾಕ್ಟರ್‌ಗಳ ಲಿಫ್ಟ್ ಸಾಮಾನ್ಯವಾಗಿ 1500 ಕಿಲೋ ಆಸುಪಾಸು ಎತ್ತುತ್ತದೆ. ಸಾಲಿನ ನಡುವಿನ ಕಂಬಗಳಿಗೆ ಅಷ್ಟು ಸಾಕು.

ಇಲ್ಲಿ ಒಂದು ನಿಯಮ ಇದೆ. ಲಿಫ್ಟ್ ಎತ್ತುವಾಗ ಚಕ್ರ ತಿರುಗಬಾರದು. ಗಾಡಿ ನ್ಯೂಟ್ರಲ್‌ನಲ್ಲಿ, ಬ್ರೇಕ್ ಹಾಕಿ ನಿಂತಿರಬೇಕು. ಕೆಲಸ ಮಾಡುವುದು ಹೈಡ್ರಾಲಿಕ್ ಮಾತ್ರ. ಲಿಫ್ಟ್ ತೋಳುಗಳಿಗೆ ಸರಪಳಿ ಕಟ್ಟಿಕೊಂಡು ಗಾಡಿಯನ್ನು ಮುಂದಕ್ಕೆ ಓಡಿಸಿದರೆ, ಎತ್ತರದಲ್ಲಿ ಕಟ್ಟಿ ಎಳೆದ ಹಾಗೇ ಆಯಿತು. ಅದರ ಪರಿಣಾಮ ಮೇಲೆ ಓದಿದ್ದೀರಿ.

1. ಲಿಫ್ಟಿನ ಎರಡು ಕೆಳತೋಳುಗಳಾದ ಲೋವರ್ ಲಿಂಕ್‌ಗಳ ನಡುವೆ ಅಡ್ಡಪಟ್ಟಿ ಕೂರಿಸಿ, ಎರಡೂ ಕಡೆ ಲಿಂಚ್ ಪಿನ್ (ಪಟ್ಟಿ ಕಳಚದಂತೆ ತಡೆಯುವ ಪಿನ್) ಹಾಕಿ. ಪಟ್ಟಿ ಅಕ್ಕಪಕ್ಕ ಓಲಾಡದಂತೆ ಪಕ್ಕದ ಚೈನುಗಳನ್ನು ಬಿಗಿ ಮಾಡಿ. ಟ್ರ್ಯಾಕ್ಟರ್ ಮೂತಿಗೆ ಮುಂಭಾರ ಇದ್ದರೆ ಹಾಕಿಕೊಳ್ಳಿ.

2. ಕಂಬದ ಬುಡದ ಸುತ್ತ ಮಣ್ಣು ತೆಗೆದು, ಹಾರೆಯನ್ನು ಕಂಬಕ್ಕೆ ಒತ್ತಿ ಇಳಿಸಿ ಸುತ್ತಲೂ ಅಲುಗಾಡಿಸಿ.

3. ನಿಧಾನವಾಗಿ ಹಿಂದಕ್ಕೆ ಬನ್ನಿ. ಅಡ್ಡಪಟ್ಟಿಯ ನಡುಭಾಗ ಕಂಬಕ್ಕೆ ಒಂದು ಗೇಣು ದೂರದಲ್ಲಿರಬೇಕು. ಹಿಂದಕ್ಕೆ ಬರುವಾಗ ಗಾಡಿ ಮತ್ತು ಕಂಬದ ನಡುವೆ ಯಾರೂ ನಿಲ್ಲಬಾರದು. ಗಾಡಿ ನಿಂತು, ಬ್ರೇಕ್ ಬಿದ್ದ ಮೇಲೆ ಕಟ್ಟುವವರು ಹತ್ತಿರ ಬರಲಿ.

4. ಲಿಫ್ಟ್ ಪೂರ್ತಿ ಕೆಳಗಿಳಿಸಿ. ಸರಪಳಿಯನ್ನು ಕಂಬಕ್ಕೆ ಎರಡು ಸುತ್ತು ಸುತ್ತಿ, ಕೊಕ್ಕೆಯ ಮೂಲಕ ಹಾಯಿಸಿ, ಎಳೆದಷ್ಟೂ ಬಿಗಿಯುವ ಹಾಗೆ ಮಾಡಿ. ನೆಲಕ್ಕೆ ಎಷ್ಟು ಹತ್ತಿರ ಕಟ್ಟಿದರೆ ಅಷ್ಟು ಒಳ್ಳೆಯದು. ಮಣ್ಣು ತೆಗೆದ ಗುಂಡಿಯೊಳಗೇ ಕಟ್ಟಿದರೆ ಇನ್ನೂ ಒಳ್ಳೆಯದು. ಕೊಕ್ಕೆ ಟ್ರ್ಯಾಕ್ಟರ್ ಬದಿಗೆ ಇರಲಿ. ಎಳೆತ ಒಂದೇ ಪಕ್ಕದಿಂದ ಬಂದಾಗ ಸುತ್ತು ಓರೆಯಾಗಿ ಕಂಬವನ್ನು ಕಚ್ಚುತ್ತದೆ. ಇನ್ನೊಂದು ತುದಿಯನ್ನು ಅಡ್ಡಪಟ್ಟಿಗೆ ಆದಷ್ಟು ಗಿಡ್ಡವಾಗಿ ಕಟ್ಟಿ.

5. ಎಂಜಿನ್ ಕಡಿಮೆ ವೇಗದಲ್ಲಿ ಇರಲಿ. ಪೊಸಿಷನ್ ಕಂಟ್ರೋಲ್ ಲಿವರನ್ನು (ಲಿಫ್ಟಿನ ಎತ್ತರ ಹೊಂದಿಸುವ ಲಿವರ್) ಬೆರಳಷ್ಟು ಮೇಲೆತ್ತಿ. ಕೊಂಡಿಗಳು ಒಂದೊಂದಾಗಿ ನೆಟ್ಟಗಾಗಿ ಸರಪಳಿ ಬಿಗಿಯುತ್ತದೆ. ಅಲ್ಲಿ ನಿಲ್ಲಿಸಿ. ಸರಪಳಿ ಜಾರುತ್ತಿದೆಯಾ, ಓರೆಯಾಗಿದೆಯಾ ನೋಡಿ.

6. ಮತ್ತೆ ಸ್ವಲ್ಪ ಎತ್ತಿ, ಕಾಯಿರಿ.

ಆರನೆಯ ಹಂತದಲ್ಲಿ ತಾಳ್ಮೆ ಬೇಕು. ಬಲ ಬಿದ್ದ ತಕ್ಷಣ ಕಂಬ ಬರುವುದಿಲ್ಲ. ಕಂಬದ ಬುಡದ ಮಣ್ಣನ್ನೇ ಗಮನಿಸಿ. ಮೊದಲು ಕೂದಲೆಳೆಯ ಬಿರುಕು ಕಂಬದ ಸುತ್ತ ಕಾಣುತ್ತದೆ. ಆಮೇಲೆ ಮಣ್ಣು ಸಣ್ಣಗೆ ಉಬ್ಬುತ್ತದೆ, ಬಿರುಕು ಅಗಲವಾಗುತ್ತದೆ, ಹೆಂಟೆಗಳು ಒಳಕ್ಕೆ ಉದುರುತ್ತವೆ. ಅಂದರೆ ಅಂಟು ಬಿಟ್ಟಿತು. ಅರ್ಧ ನಿಮಿಷ ಬಲವನ್ನು ಹಾಗೇ ಹಿಡಿದಿಟ್ಟರೆ ಒದ್ದೆ ಜೇಡಿಮಣ್ಣಿನಲ್ಲೂ ಬುಡದಡಿಗೆ ಗಾಳಿ ನುಗ್ಗಲು ದಾರಿಯಾಗುತ್ತದೆ. ಬಿರುಕೇ ಕಾಣದಿದ್ದರೆ ಇಳಿಸಿ, ಇನ್ನಷ್ಟು ಅಗೆಯಿರಿ, ನೀರು ಹಾಕಿ. ಎಂಜಿನ್ ಜೋರು ಮಾಡುವುದು ಅದಕ್ಕೆ ಉತ್ತರವಲ್ಲ.

ಮುಂಚಕ್ರಗಳು ಹಗುರವಾಗುತ್ತಿವೆ, ನೆಲ ಬಿಡುತ್ತಿವೆ ಅನ್ನಿಸಿದರೆ ಲಿವರ್ ಇಳಿಸಿ. ಆ ಕಂಬ ಆ ಗಾಡಿಗೆ ಜಾಸ್ತಿಯಾಯಿತು ಅಂತ ಅರ್ಥ.

ಲಿಫ್ಟ್ ಮೇಲೇರುವ ಎತ್ತರ ಸೀಮಿತ, ಹೆಚ್ಚೆಂದರೆ ಮುಕ್ಕಾಲು ಮೀಟರ್ ಆಸುಪಾಸು. ಒಂದೇ ಸಲಕ್ಕೆ ಕಂಬ ಪೂರ್ತಿ ಬರದಿದ್ದರೆ ಲಿಫ್ಟ್ ಇಳಿಸಿ, ಸರಪಳಿಯನ್ನು ಕಂಬದಲ್ಲಿ ಕೆಳಕ್ಕೆ ಸರಿಸಿ, ಮತ್ತೆ ಎತ್ತಿ. ಕಂಬ ಸಡಿಲಾಗಿ ವಾಲಲು ಶುರು ಮಾಡಿದಾಗ ಅದು ಸೀಟಿನ ಕಡೆಗೆ ಬೀಳದಂತೆ ನೋಡಿಕೊಳ್ಳಿ. ಸರಪಳಿ ನೆಲಕ್ಕೆ ಹತ್ತಿರ ಕಟ್ಟಿರುವುದರಿಂದ ತಲೆಭಾಗ ಭಾರವಾಗಿ, ಕಂಬ ಯಾವ ಕಡೆಗಾದರೂ ಉರುಳಬಹುದು. ಉದ್ದದ ಕಂಬವಾದರೆ ತುದಿಗೆ ಹಗ್ಗ ಕಟ್ಟಿ, ಇನ್ನೊಬ್ಬರು ದೂರದಿಂದ ಆಚೆ ಕಡೆಗೆ ಹಿಡಿದಿರಲಿ. ಎತ್ತಲು ಬೇಡ ಅಂದ ಹಗ್ಗ ಈ ಕೆಲಸಕ್ಕೆ ಧಾರಾಳವಾಗಿ ಆಗುತ್ತದೆ.

ಇಳಿಜಾರಿನಲ್ಲಿ ಗಾಡಿಯ ಮೂತಿ ಇಳಿಜಾರಿನ ಕೆಳಕ್ಕೆ ಇರಲಿ. ಮೂತಿ ಮೇಲಕ್ಕಿದ್ದರೆ ಮುಂಚಕ್ರದ ಮೇಲಿನ ಭಾರ ಮೊದಲೇ ಕಡಿಮೆ ಇರುತ್ತದೆ. ಚಕ್ರಗಳಿಗೆ ಕಲ್ಲೋ ಮರದ ತುಂಡೋ ಅಡ್ಡ ಕೊಡಿ.

ಮುಂದಿನ ಲೋಡರ್ ಇದ್ದರೆ

ಲೋಡರ್ ಇದ್ದರೆ ನನ್ನ ಆಯ್ಕೆ ಅದೇ. ಕಂಬ ಕಣ್ಣೆದುರಿಗೇ ಇರುತ್ತದೆ, ಕತ್ತು ತಿರುಗಿಸಬೇಕಿಲ್ಲ, ಎತ್ತರವೂ ಬೇಕಷ್ಟು ಸಿಗುತ್ತದೆ. ಬಕೆಟ್ಟಿನ ಮೇಲಂಚಿನ ನಡುವೆ ಸರಿಯಾಗಿ ವೆಲ್ಡ್ ಮಾಡಿಸಿದ ಕೊಕ್ಕೆ ಇರಬೇಕು. ಬಕೆಟ್ಟಿನ ಹಲ್ಲಿಗೋ ಅಂಚಿಗೋ ಸರಪಳಿ ಸಿಕ್ಕಿಸಿದರೆ ಅದು ಜಾರುತ್ತದೆ, ಇಲ್ಲವೇ ಅಂಚು ಬಾಗುತ್ತದೆ. ಒಂದು ಮೂಲೆಗೆ ಕಟ್ಟಿದರೆ ಲೋಡರ್ ತೋಳೇ ತಿರುಚಿಕೊಳ್ಳುತ್ತದೆ.

ಇಲ್ಲಿ ಹಗುರಾಗುವುದು ಹಿಂಚಕ್ರ. ಆದ್ದರಿಂದ ಹಿಂದೆ ಭಾರದ ಒಂದು ಉಪಕರಣ ಸಿಕ್ಕಿಸಿಕೊಳ್ಳಿ. ಸರಪಳಿ ಕಟ್ಟುವ ರೀತಿ ಅದೇ. ಕೊಕ್ಕೆ ಕಂಬದ ನೇರ ಮೇಲೆ ಬರುವ ಹಾಗೆ ಗಾಡಿ ನಿಲ್ಲಿಸಿ, ನೆಟ್ಟಗೆ ಎತ್ತಿ. ಕಂಬ ಗಟ್ಟಿಯಿದ್ದರೆ ಮಾತ್ರ, ಬಕೆಟ್ಟಿನಿಂದ ಬುಡದ ಹತ್ತಿರ ಒತ್ತಿ, ಈ ಕಡೆಯಿಂದ ಎರಡು ಬೆರಳು, ಆ ಕಡೆಯಿಂದ ಎರಡು ಬೆರಳು ಅಲುಗಿಸಿದರೆ ಮಣ್ಣು ಬೇಗ ಬಿಡುತ್ತದೆ. ಕೊಳೆತ ಮರಕ್ಕೂ ಕಲ್ಲಿಗೂ ಇದು ಬೇಡ. ಕಂಬ ನೆಲ ಬಿಟ್ಟ ಮೇಲೆ ಎತ್ತರಕ್ಕೆ ಎತ್ತಿಕೊಂಡು ತಿರುಗಬೇಡಿ. ಬುಡ ನೆಲದಿಂದ ಒಂದು ಗೇಣು ಮೇಲಿದ್ದರೆ ಸಾಕು, ಅಲ್ಲೇ ಪಕ್ಕಕ್ಕೆ ಮಲಗಿಸಿ.

ರಿಮ್ ಮೇಲಿಂದ ಎಳೆಯುವುದು

ಲಿಫ್ಟ್‌ಗೆ ಬಗ್ಗದ ಕಂಬಕ್ಕೆ ಹಳಬರ ಒಂದು ಉಪಾಯ ಇದೆ. ದೊಡ್ಡ ಗಾಡಿಯ ಹಳೆಯ ರಿಮ್ ಒಂದನ್ನು ಕಂಬಕ್ಕೆ ಒತ್ತಿ ಉರುಳುವ ಭಂಗಿಯಲ್ಲಿ ನಿಲ್ಲಿಸುತ್ತಾರೆ. ಸರಪಳಿಯನ್ನು ಕಂಬದ ಬುಡಕ್ಕೆ ಕಟ್ಟಿ, ರಿಮ್ಮಿನ ಕಾಲುವೆಯ ಮೇಲೆ ಹಾಯಿಸಿ, ಡ್ರಾಬಾರಿಗೆ ತರುತ್ತಾರೆ. ಟ್ರ್ಯಾಕ್ಟರ್ ಮುಂದಕ್ಕೆ ಹೋದರೆ ರಿಮ್ ರಾಟೆಯ ಕೆಲಸ ಮಾಡಿ, ಅಡ್ಡ ಎಳೆತವನ್ನು ಮೇಲೆತ್ತುವ ಬಲವಾಗಿ ತಿರುಗಿಸುತ್ತದೆ. ಕಂಬ ಮೇಲೇಳುತ್ತಾ ರಿಮ್ ಕೂಡ ಟ್ರ್ಯಾಕ್ಟರ್ ಕಡೆಗೆ ಉರುಳುತ್ತದೆ.

ನೆಲ ಮೆತ್ತಗಿದ್ದರೆ ರಿಮ್ ಅಡಿ ದಪ್ಪ ಹಲಗೆ ಹಾಕಿ, ಇಲ್ಲದಿದ್ದರೆ ಕಂಬ ಏಳುವ ಬದಲು ರಿಮ್ ಹೂತುಕೊಳ್ಳುತ್ತದೆ. ಸರಪಳಿ ಉದ್ದ ಬಿಡಿ, ಆಗ ಎಳೆತ ಹೆಚ್ಚು ಅಡ್ಡವಾಗಿರುತ್ತದೆ. ಟ್ರ್ಯಾಕ್ಟರ್ ಹತ್ತಿರವಿದ್ದು ಸರಪಳಿ ಕಡಿದಾಗಿ ಏರಿದರೆ ಅದು ಗಾಡಿಯ ಹಿಂಭಾಗವನ್ನೇ ಮೇಲೆಳೆದು, ಟೈರಿನ ಹಿಡಿತ ತಪ್ಪುತ್ತದೆ. ಡ್ರಾಬಾರ್ ಬಿಟ್ಟು ಬೇರೆಲ್ಲೂ ಕಟ್ಟಬೇಡಿ. ಅತಿ ಕಡಿಮೆ ಗೇರ್, ಕ್ಲಚ್ ನಿಧಾನವಾಗಿ ಬಿಡುವುದು, ಸರಪಳಿ ಬಿಗಿಯಾದ ಮೇಲಷ್ಟೇ ಬಲ ಹಾಕುವುದು. ಚಕ್ರ ಗಿರಗಿರ ತಿರುಗಲು ಶುರುವಾದರೆ ನಿಲ್ಲಿಸಿ. ಕಂಬ ಹೊರಬಂದ ಕ್ಷಣ ರಿಮ್ ಪಕ್ಕಕ್ಕೆ ಬೀಳುತ್ತದೆ, ಯಾರೂ ಅದನ್ನು ಕೈಯಲ್ಲಿ ಹಿಡಿದಿರಬಾರದು.

ಕಂಬ ಯಾವುದು ನೋಡಿ ಕೈ ಹಾಕಿ

ಮರದ ಕಂಬ ಕೊಳೆಯುವುದು ನೆಲದ ಮಟ್ಟದಲ್ಲಿ. ಆಳದಲ್ಲಿ ಗಾಳಿ ಸಾಲದು, ಮೇಲೆ ತೇವ ನಿಲ್ಲುವುದಿಲ್ಲ. ಎರಡೂ ಸಿಗುವ ಆ ಒಂದು ಗೇಣಿನಲ್ಲಿ ಶಿಲೀಂಧ್ರ ಬೆಳೆಯುತ್ತದೆ. ಪಕ್ಕಕ್ಕೆ ಎಳೆದಾಗ ಅತಿ ಹೆಚ್ಚು ಬಾಗುವ ಜಾಗವೂ ಅದೇ. ಎತ್ತುವ ಮುಂಚೆ ಸ್ಕ್ರೂಡ್ರೈವರಿನಿಂದ ಅಲ್ಲಿ ಚುಚ್ಚಿ ನೋಡಿ. ಸುಲಭವಾಗಿ ಒಳಹೋದರೆ, ಗಟ್ಟಿ ಮರ ಸಿಗುವವರೆಗೆ ಅಗೆದು, ಸರಪಳಿಯನ್ನು ಆ ಕೊಳೆತ ಜಾಗದ ಕೆಳಗೆ ಕಟ್ಟಿ.

ಕಲ್ಲಿನ ಕಂಬ ಭಾರ ತಡೆಯುತ್ತದೆ, ಬಾಗುವುದನ್ನು ತಡೆಯುವುದಿಲ್ಲ. ಸ್ವಲ್ಪ ಓರೆ ಎಳೆತಕ್ಕೂ ಮುರಿಯುತ್ತದೆ. ನುಣುಪಾದ ಮೈ ಇದ್ದರೆ ಸರಪಳಿ ಜಾರುತ್ತದೆ, ನಡುವೆ ಗೋಣಿತಾಟೋ ಹಳೆಯ ಟ್ಯೂಬಿನ ರಬ್ಬರೋ ಸುತ್ತಿದರೆ ಹಿಡಿತ ಸಿಗುತ್ತದೆ. ಸಿಮೆಂಟ್ ಕಂಬಕ್ಕೂ ಇದೇ ಮಾತು. ತಂತಿ ಹಾಯಿಸಲು ಬಿಟ್ಟ ತೂತಿಗೆ ಸರಳು ತೂರಿಸಿ ಅದರಿಂದ ಎತ್ತುವ ಆಸೆ ಬೇಡ, ತೂತಿನ ಜಾಗದಲ್ಲೇ ಒಡೆಯುತ್ತದೆ.

ಕಬ್ಬಿಣದ ಆಂಗಲ್ ಕಂಬ ಎಲ್ಲಕ್ಕಿಂತ ಸುಲಭ. ಅದರ ಕೆಳಗಿನ ತೂತಿಗೆ ಗಟ್ಟಿ ಬೋಲ್ಟ್ ಹಾಕಿ, ಸರಪಳಿಯ ಸುತ್ತನ್ನು ಅದರ ಕೆಳಗೆ ಕೂರಿಸಿದರೆ ಜಾರುವುದಿಲ್ಲ. ಕಾಂಕ್ರೀಟ್ ಇಲ್ಲದೆ ಸುಮ್ನೆ ಹೊಡೆದ ಕಂಬಕ್ಕೆ ಟ್ರ್ಯಾಕ್ಟರ್ ಕೂಡ ಬೇಡ, ಕೈಯಿಂದ ಒತ್ತುವ ಉದ್ದ ಜಾಕ್ ಸಾಕು.

ಬುಡಕ್ಕೆ ಕಾಂಕ್ರೀಟ್ ಹಾಕಿದ್ದರೆ ಲೆಕ್ಕ ಬೇರೆ. 30 ಸೆಂಟಿಮೀಟರ್ ಅಗಲ, 60 ಸೆಂಟಿಮೀಟರ್ ಆಳದ ಒಂದು ಕಾಂಕ್ರೀಟ್ ಮುದ್ದೆಯೇ ನೂರು ಕಿಲೋ ತೂಗುತ್ತದೆ, ಮಣ್ಣಿಗೆ ಒತ್ತಿಕೊಂಡ ಮೈಯೂ ದೊಡ್ಡದು. ಕಂಬಕ್ಕಷ್ಟೇ ಸರಪಳಿ ಕಟ್ಟಿ ಎತ್ತಿದರೆ ಕಂಬ ಕಾಂಕ್ರೀಟಿನಿಂದ ಜಾರಿ ಮೇಲೆ ಬಂದು, ಮುದ್ದೆ ಒಳಗೇ ಉಳಿಯಬಹುದು. ಸುತ್ತ ಅಗೆದು ಸರಪಳಿಯನ್ನು ಕಾಂಕ್ರೀಟಿನ ಉಬ್ಬಿನ ಕೆಳಗೆ ಸಿಕ್ಕಿಸಿ. ಮೂಲೆಯ ಕಂಬಗಳು ಸಾಮಾನ್ಯವಾಗಿ ಇಂಥವೇ, ಆಳವೂ ಜಾಸ್ತಿ, ಜೊತೆಗೆ ಓರೆಯ ಊರುಗೋಲೂ ಇರುತ್ತದೆ. ಊರುಗೋಲನ್ನು ಮೊದಲು ಬಿಡಿಸಿ. ಮೂಲೆ ಕಂಬಗಳನ್ನು ಕೊನೆಗೆ ಇಟ್ಟುಕೊಳ್ಳಿ. ನಡುವಿನ ಕಂಬಗಳನ್ನು ಕೀಳುತ್ತಾ ಹೋದಾಗ ಆ ಮಣ್ಣು ಹೇಗೆ ಬಿಡುತ್ತದೆ ಅಂತ ಕೈಗೆ ಗೊತ್ತಾಗಿರುತ್ತದೆ.

ಮುರಿದು ಒಳಗೆ ಉಳಿದ ಬುಡ

ಮುರಿದ ಬುಡ ತೆಗೆಯಲೇಬೇಕಾ? ಉಳುವ ಹೊಲವಾದರೆ ತೆಗೆಯಲೇಬೇಕು, ನೇಗಿಲಿಗೆ ಸಿಕ್ಕುತ್ತದೆ. ಹುಲ್ಲುಗಾವಲಾದರೆ ಮೊಳಕೈ ಆಳಕ್ಕೆ ಕತ್ತರಿಸಿ ಮಣ್ಣು ಮುಚ್ಚಿದರೆ ನಡೆಯುತ್ತದೆ. ಹೊಸ ಕಂಬ ಅದೇ ಜಾಗಕ್ಕೆ ಬೇಡವಾದರೆ ಸಾಲಿನಲ್ಲಿ ಸ್ವಲ್ಪ ಮುಂದಕ್ಕೆ ಸರಿದು ಹೊಸ ಗುಂಡಿ ತೋಡುವುದೇ ಲೇಸು, ಕದಡದ ಮಣ್ಣಿನಲ್ಲಿ ಕಂಬ ಗಟ್ಟಿಯಾಗಿ ನಿಲ್ಲುತ್ತದೆ.

ತೆಗೆಯುವುದಾದರೆ ಒಂದು ಪಕ್ಕದಲ್ಲಿ ಬುಡದ ಅರ್ಧ ಆಳಕ್ಕೂ ಹೆಚ್ಚು ಅಗೆದು, ಗಟ್ಟಿ ಭಾಗಕ್ಕೆ ಸರಪಳಿ ಸುತ್ತಿ ಲಿಫ್ಟ್‌ನಿಂದ ಎತ್ತಿ. ತುದಿಗೆ ಉದ್ದನೆಯ ಕಣ್ಣಿನ ಸ್ಕ್ರೂ ಹಾಕಿ ಎತ್ತುವ ಪದ್ಧತಿಯೂ ಇದೆ. ಮರ ಗಟ್ಟಿಯಿದ್ದರೆ ಅದು ಕೆಲಸ ಮಾಡುತ್ತದೆ, ಆದರೆ ಕೊಳೆತು ಮುರಿದ ಮರ ಗಟ್ಟಿಯಿರುವುದು ಅಪರೂಪ. ಸ್ಕ್ರೂ ಕಿತ್ತು ಹಾರಿದರೆ ಅಪಾಯ. ನಾನು ಅಗೆಯುವುದನ್ನೇ ಹೇಳುತ್ತೇನೆ.

ಗುಂಡಿ ಮುಚ್ಚುವುದು, ಕಂಬ ಸಾಗಿಸುವುದು

ಒಂದು ಕಂಬ ಬಂದ ತಕ್ಷಣ ಅದರ ಗುಂಡಿ ಮುಚ್ಚಿಯೇ ಮುಂದಿನದಕ್ಕೆ ಹೋಗಿ. ಹುಲ್ಲಿನ ನಡುವಿನ ಇಕ್ಕಟ್ಟಾದ ಗುಂಡಿಗೆ ಕಾಲು ಹಾಕಿದ ದನದ ಕಾಲು ಮುರಿಯುತ್ತದೆ, ಟ್ರ್ಯಾಕ್ಟರ್‌ನ ಮುಂಚಕ್ರವೂ ಕುಸಿಯುತ್ತದೆ. 15 ಸೆಂಟಿಮೀಟರ್ ಮಣ್ಣು ಹಾಕಿ ಹಾರೆಯ ಹಿಂಬದಿಯಿಂದ ಗುದ್ದಿ, ಮತ್ತೆ ಮಣ್ಣು ಹಾಕಿ ಗುದ್ದಿ. ಮೇಲೆ ಒಂದಿಷ್ಟು ದಿಬ್ಬ ಬಿಡಿ, ಮಳೆ ಬಿದ್ದಾಗ ಇಳಿಯುತ್ತದೆ.

ಕಲ್ಲು, ಸಿಮೆಂಟ್, ಕಬ್ಬಿಣದ ಕಂಬಗಳಲ್ಲಿ ನೆಟ್ಟಗಿರುವುದನ್ನು ಬೇರೆ ಇಟ್ಟುಕೊಳ್ಳಿ, ಮತ್ತೆ ನೆಡಬಹುದು. ಮರದ ಕಂಬಗಳ ವಿಷಯದಲ್ಲಿ ಮಾತ್ರ ಹುಷಾರಾಗಿರಿ. ಹಳೆಯ ಕಂಬಗಳಿಗೆ ಗೆದ್ದಲು ಹಿಡಿಯದಂತೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ದ್ರಾವಣವನ್ನೋ ಕ್ರಿಯೋಸೋಟ್ ಎಣ್ಣೆಯನ್ನೋ ಕುಡಿಸಿರಬಹುದು. ಹಸಿರು ಛಾಯೆ ಅಥವಾ ಟಾರಿನಂಥ ವಾಸನೆ ಇದ್ದರೆ ಅನುಮಾನ ಪಡಿ. ಇವನ್ನು ಒಲೆಗೆ ಹಾಕಬೇಡಿ, ಹೊಲದಲ್ಲೂ ಸುಡಬೇಡಿ. ಆರ್ಸೆನಿಕ್ ಹೊಗೆಯಲ್ಲೂ ಬೂದಿಯಲ್ಲೂ ಉಳಿಯುತ್ತದೆ, ಆ ಬೂದಿ ನೆಕ್ಕಿದ ದನ ಸಾಯಬಹುದು. ತರಕಾರಿ ಮಡಿಗೆ ಅಂಚು ಕಟ್ಟಲೂ ಇವು ಬೇಡ. ಸುಡದೆ, ಕೊಯ್ಯದೆ, ನಿಮ್ಮಲ್ಲಿ ಇಂಥ ಕಸ ಒಪ್ಪಿಕೊಳ್ಳುವ ಜಾಗಕ್ಕೇ ಸಾಗಿಸಿ.